ಹೂವಿನ ಅಂಗಿಯ ಗಂಡಸು

ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಾಗ ಅವಳು ಒಳಗಿದ್ದಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಡ್ಯೂಟಿ ಮುಗಿಸಿ, ಬಿಳಿ ಕೋಟು ಕಳಚಿ ಮನೆಗೆ ಹೊರಟಿದ್ದಳು.

ಮೆಕ್ಯಾನಿಕ್ ಹೊರಗಿನಿಂದ ಬಾಗಿಲು ಮೀಟಿ ತೆಗೆದ. ರಜೆಯಲ್ಲಿದ್ದವನನ್ನು ತುರ್ತಾಗಿ ಕರೆಸಿದ್ದರಂತೆ, ಮೈಮೇಲೆ ಯೂನಿಫಾರ್ಮ್ ಇರಲಿಲ್ಲ. ಹಸಿರು ಅಂಗಿ, ಅದರ ತುಂಬ ಅಂಗೈಯಗಲದ ಕೆಂಪು ಹೂಗಳು. ಅವಳು ತೊಟ್ಟಿದ್ದೂ ಅದೇ ಅಂಗಿ!

"ಇನ್‌ಸ್ಟಾದಲ್ಲಿ ತಗೊಂಡ್ರಾ?" ಎಂದು ಕೇಳಿದಳು.

"ಹ್ಞೂಂ. ನೀವೂ?"

"ಇದು ಲೇಡೀಸ್ ಅಂಗಿ ಕಣ್ರೀ."

"ಗೊತ್ತು," ಎಂದ. ಕಿವಿಯ ತುದಿ ಕೆಂಪಾಗಿತ್ತು. "ಹೂವು ಚೆನ್ನಾಗಿತ್ತು."

ಹಿಂದೆ ನಿಂತಿದ್ದ ಯಾರೋ ವಿಡಿಯೊ ಮಾಡಿ ಹಾಕಿಬಿಟ್ಟರು. ಸಂಜೆಯೊಳಗೆ ಊರೆಲ್ಲ ನೋಡಿತ್ತು. 'ಪರದೆ ಬಟ್ಟೆ ಜೋಡಿ' ಎಂಬ ಬಿರುದು ಬೇರೆ. ಅವನನ್ನಂತೂ 'ಅಕ್ಕಾ' ಎಂದು ಕರೆದವರಿಗೆ ಲೆಕ್ಕವಿಲ್ಲ.

ಮನೆಯಲ್ಲಿ ಅಣ್ಣ ಕೆಂಡವಾಗಿದ್ದ. "ಪುಟ್ಟಿ, ನಿನ್ನ ಮದುವೆ ಮಾತು ನಡೀತಿದೆ. ಆ ಅಂಗಿ ಇನ್ನು ನನ್ನ ಕಣ್ಣಿಗೆ ಬೀಳಬಾರದು."

ಮರುದಿನ ಮೆಕ್ಯಾನಿಕ್ ಲಿಫ್ಟು ನೋಡಲು ಬೂದು ಯೂನಿಫಾರ್ಮಿನಲ್ಲಿ ಆಸ್ಪತ್ರೆಗೆ ಬಂದ. ತಲೆ ಎತ್ತಲಿಲ್ಲ. "ನನ್ನಿಂದ ನಿಮಗೂ ಮುಜುಗರ. ಆ ಅಂಗಿ ಯಾರಿಗಾದ್ರೂ ಕೊಟ್ಬಿಡ್ತೀನಿ."

ಅವಳಿಗೆ ಯಾಕೋ ಸಂಕಟವಾಯಿತು. "ಅದಿರಲಿ, ತಗೊಂಡಿದ್ದು ಯಾಕೆ?"

"ಯಾವುದೋ ದೇಶದ ಮುದುಕ ಇಂಥದ್ದೇ ಹಾಕ್ಕೊಂಡು ಮೀನಿನ ಬಲೆ ಹೊಲೀತಿದ್ದ ರೀಲ್ ನೋಡ್ದೆ. ಎಷ್ಟು ಆರಾಮಾಗಿದ್ದ ಗೊತ್ತಾ! ನಂಗೆ ದಿನಾ ಗ್ರೀಸು, ಕತ್ತಲೆ. ರಜೆ ದಿನ ಆದ್ರೂ ಎದೆ ಮೇಲೊಂದು ತೋಟ ಇರ್ಲಿ ಅನ್ನಿಸ್ತು."

ಅವಳು ನಕ್ಕಳು. ಅವನು ಕದ್ದು ನೋಡಿದ, ಸಿಕ್ಕಿಬಿದ್ದ, ತಡಬಡಿಸಿ ಸ್ಪ್ಯಾನರ್ ಹುಡುಕತೊಡಗಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

"ಯಾರಿಗೂ ಕೊಡಬೇಡಿ," ಎಂದಳು.

ಆಮೇಲೆ ಆ ಲಿಫ್ಟಿಗೆ ಕಾಯಿಲೆಯ ಮೇಲೆ ಕಾಯಿಲೆ. ನೋಡಿಕೊಳ್ಳಲು ಅವನು ಬರುತ್ತಲೇ ಇದ್ದ. ಲ್ಯಾಬಿನವಳ ಊಟದ ವಿರಾಮವೂ ದಿನೇ ದಿನೇ ಉದ್ದವಾಯಿತು.

ಒಂದು ಭಾನುವಾರ ಅವಳೇ ಅವನನ್ನು ಮನೆಗೆ ಕರೆತಂದಳು. ಇಬ್ಬರ ಮೈಮೇಲೂ ಹೂವಿನ ಅಂಗಿ. ಅಣ್ಣ ಕೂತಲ್ಲಿಂದ ದಡಕ್ಕನೆ ಎದ್ದ.

"ಹೆಂಗಸರ ಅಂಗಿ ಹಾಕ್ಕೊಂಡಿದಾನಲ್ಲೇ! ಗುಂಡಿ ನೋಡು, ಎಡಗಡೆ!"

"ಗುಂಡಿ ಎಡಕ್ಕಿದ್ರೆ ಹೃದಯ ಬಲಕ್ಕೆ ಹೋಗುತ್ತಾ ಅಣ್ಣ?"

ಅತ್ತಿಗೆ ನಗು ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಜನ ಏನಂತಾರೆ?" ಎಂದ ಅಣ್ಣ.

"ಅನ್ನೋದೆಲ್ಲ ಅಂದಾಯ್ತಲ್ಲ. ನಾನು ಅನ್ನೋದೊಂದೇ ಬಾಕಿ. ಇವರು ನಂಗಿಷ್ಟ. ಮದುವೆ ಆದ್ರೆ ಇವರನ್ನೇ."

ಅಣ್ಣ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡ. ಅವಳು ಅಲ್ಲಾಡಲಿಲ್ಲ.

"ಕೂತ್ಕೊಳ್ಳಿ, ಕಾಫಿ ತರ್ತೀನಿ," ಎಂದಳು ಅತ್ತಿಗೆ. "ಅವರ ಸಿಟ್ಟು ಲಿಫ್ಟಲ್ಲಿ ಹತ್ತುತ್ತೆ, ಮೆಟ್ಟಿಲಲ್ಲಿ ಇಳಿಯುತ್ತೆ."

ಅವನು ಪಿಸುಗುಟ್ಟಿದ. "ನನ್ನನ್ನ ಒಂದು ಮಾತೂ ಕೇಳ್ಲಿಲ್ವಲ್ರೀ ನೀವು?"

"ಯಾಕೆ, ಬೇಡ ಅಂತೀರಾ?"

ಉತ್ತರದ ಬದಲು ಅವನು ಅವಳ ಕೈ ಹಿಡಿದುಕೊಂಡ. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದ ಸದ್ದಾಯಿತು. ಅವನು ಕೈ ಬಿಡಲಿಲ್ಲ.