ಮದ್ದಿನವಳು ಸಾಯುವುದಿಲ್ಲ

"ಇದನ್ನ ಬರೆದೋರು ಯಾರು?"

ಗಾಜಿನ ಆಚೆಯಿಂದ ಬಂದ ಆ ಪ್ರಶ್ನೆ ಹೆಡ್‌ಫೋನಿನೊಳಗೆ ಗುಡುಗಿನಂತೆ ಉರುಳಿತು. ಧ್ವನಿಮುದ್ರಣ ಕೋಣೆಯ ಈಚೆ ಕೂತಿದ್ದ ಅವಳ ಪೆನ್ನು ಅಲ್ಲೇ ನಿಂತಿತು.

ಪಕ್ಕದಲ್ಲಿದ್ದ ಸೌಂಡ್ ಮೇಷ್ಟ್ರು ಮೆಲ್ಲಗೆ ಕೆಮ್ಮಿದರು. ಹೊಸ ಕಲಾವಿದ, ಮೊದಲ ದಿನ, ಎರಡನೇ ಸಾಲಿಗೇ ನಿಲ್ಲಿಸಿದ್ದ!

ಅವಳು ಮೈಕಿನ ಗುಂಡಿ ಒತ್ತಿದಳು. "ನಾನೇ. ಏನಾಯ್ತು?"

"ಈ ಮನುಷ್ಯ ಯಾಕೆ ಇಷ್ಟು ಕಿರುಚ್ತಾನೆ?"

"ಅವನು ಒರಟ. ಯೋಧ. ಕಿರುಚೋದೇ ಅವನ ಸ್ವಭಾವ."

ಅವನು ಹಾಳೆಯನ್ನು ಕೆಳಗಿಟ್ಟ. ಹಲಗೆಯ ಮೇಲೆ ಚಪ್ಪಲಿ ಸದ್ದಾಗಬಾರದೆಂದು ಬರಿಗಾಲಲ್ಲಿ ನಿಂತಿದ್ದ. ಮೈಕಿಗೆ ಟಿಕ್ ಟಿಕ್ ಕೇಳಬಾರದೆಂದು ಗಡಿಯಾರವನ್ನೂ ಬಿಚ್ಚಿಟ್ಟಿದ್ದ. ಕೆಲಸ ಗೊತ್ತಿದ್ದವನು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ನಮ್ಮಪ್ಪ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದ್ರು ಮೇಡಂ. ಅವರಷ್ಟು ಒರಟರನ್ನ ನಾನು ನೋಡಿಲ್ಲ. ಆದ್ರೆ ಒಂದು ದಿನಾನೂ ಕಿರುಚಲಿಲ್ಲ. ಒರಟರಿಗೆ ಮಾತು ಕಮ್ಮಿ ಇರುತ್ತೆ... ಅಷ್ಟೇ."

ಅವಳ ಕಿವಿ ಬಿಸಿಯಾಯಿತು. 'ಏಳು ಆಟಗಳಿಗೆ ಮಾತು ಬರೆದಿದ್ದೀನಿ. ನಿನ್ನೆ ಮೊನ್ನೆ ಬಂದವನು ನನಗೆ ಪಾಠ ಹೇಳ್ತಾನಾ?'

ಆದರೆ ಒಳಗೊಂದು ಪುಟ್ಟ ದನಿ ಹೇಳಿತು... 'ಸರಿಯಾಗೇ ಹೇಳ್ತಿದ್ದಾನಲ್ಲೇ!'

ಅವಳು ಬರೆಯುತ್ತಿದ್ದುದು ವಿಡಿಯೊ ಗೇಮ್‌ಗಳಿಗೆ. ಆಡುವವರು ಒಬ್ಬ ನಾಯಕನ ವೇಷ ತೊಟ್ಟು ಅರವತ್ತು ಎಪ್ಪತ್ತು ಗಂಟೆ ಒಂದು ಕಾಲ್ಪನಿಕ ಲೋಕದಲ್ಲಿ ಅಲೆಯುತ್ತಾರಲ್ಲ, ಅಂಥವು. ಆ ದಾರಿಯಲ್ಲಿ ನಾಯಕನ ಜೊತೆಗೆ ಐದು ಜನ ನಡೆಯುತ್ತಾರೆ. ಯಾವ ಸಂಸ್ಥೆಯ ಆಟ ತೆಗೆದರೂ ಅದೇ ಐದು ಮುಖ! ಎಲ್ಲರ ಮೇಲೂ ಸಿಡುಕಿ ಕೊನೆಗೆ ಪ್ರಾಣ ಕೊಡುವ ಒರಟ ಯೋಧ. ಜೇಬು ಕತ್ತರಿಸುತ್ತಲೇ ನಗಿಸುವ ಕಳ್ಳ. ಗುಮ್ಮನಗುಸಕನಂತೆ ಮೂಲೆ ಹಿಡಿದ ಮಾಂತ್ರಿಕ. ಬೆನ್ನಿಗೆ ಚೂರಿ ಹಾಕಲೆಂದೇ ಹುಟ್ಟಿದ ಸ್ನೇಹಿತ. ಮತ್ತೆ... ಎಲ್ಲರ ಗಾಯಕ್ಕೂ ಮದ್ದು ಹಚ್ಚುವ ಹುಡುಗಿ.

ಆಫೀಸಿನಲ್ಲಿ ಆ ಪಾತ್ರವನ್ನು ಎಲ್ಲರೂ ಮದ್ದಿನವಳು ಅನ್ನುತ್ತಿದ್ದರು. ಮೆತ್ತಗಿನವಳು, ಸದಾ ಹಿಂದೆ ನಿಲ್ಲುವವಳು. ಕಥೆಯ ಅರ್ಧದಲ್ಲಿ ಸತ್ತು ನಾಯಕನಿಗೆ ರೋಷ ತರಿಸುವುದೇ ಅವಳ ಕೆಲಸ. ಏಳು ಆಟಗಳಲ್ಲಿ ನಾಲ್ಕು ಸಲ ನಮ್ಮ ಕಥಾನಾಯಕಿಯೇ ಆ ಮದ್ದಿನವಳನ್ನು ಕೊಂದಿದ್ದಳು.

ಐದನೇ ಸಲ ಕೊಲ್ಲಲು ಅವಳಿಗೆ ಮನಸ್ಸಿರಲಿಲ್ಲ.

ಕಾರಣ ಅಮ್ಮ. ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದು ನಿವೃತ್ತರಾದ ಅಮ್ಮ ಒಂದು ಮಧ್ಯಾಹ್ನ ಮಗಳ ಕುರ್ಚಿಯ ಹಿಂದೆ ನಿಂತು ಹಿಂದಿನ ಆಟ ನೋಡಿದ್ದರು. ಮದ್ದಿನವಳು ಬಾಣ ತಗುಲಿ ಬಿದ್ದಾಗ ಅವರು ಅಳಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, "ಅಲ್ಲಮ್ಮ, ಇಷ್ಟು ದಿನ ಎಲ್ಲರನ್ನೂ ಉಳಿಸಿದಳಲ್ಲ... ಇವಳ ನಾಡಿ ಹಿಡಿಯೋಕೆ ಅಲ್ಲಿ ಒಬ್ಬರೂ ಇಲ್ವಾ?" ಎಂದು ಕೇಳಿ ಒಳಗೆ ಹೋದರು.

ಅಷ್ಟೇ. ಆ ಮಾತು ಮುಳ್ಳಿನಂತೆ ಉಳಿಯಿತು.

ಈ ಸಲದ ಮದ್ದಿನವಳು ನಡುವಯಸ್ಸಿನವಳು. ಅಮ್ಮನ ಹಾಗೇ ಅವಳ ಮಾತೆಲ್ಲ ಆಜ್ಞೆ. "ಅಳೋದು ಆಮೇಲೆ, ಮೊದಲು ಕೈ ತೊಳಿ" ಅನ್ನುವವಳು. ಬರೆಯುತ್ತ ಬರೆಯುತ್ತ ಲೇಖಕಿಗೆ ಹೆಮ್ಮೆಯಾಗುತ್ತಿತ್ತು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಹಳೇ ಅಚ್ಚು ಒಡೆದು ಬಂದ ಹೆಂಗಸು!

ಯೋಧನ ಮಾತುಗಳನ್ನು ಅವಳು ಆ ಮೊದಲ ದಿನದ ರಾತ್ರಿಯೇನೂ ತಿದ್ದಲಿಲ್ಲ. ಎರಡು ದಿನ ಹಟ ಹಿಡಿದಳು. ಮೂರನೇ ದಿನ ಮೂವತ್ತು ಸಾಲನ್ನು ಒಂಬತ್ತಕ್ಕೆ ಇಳಿಸಿ ಅವನ ಮುಂದೆ ಹಾಳೆ ಇಟ್ಟಳು.

ಅವನು ಓದಿದ. ಆಮೇಲೆ ಮೈಕಿನ ಮುಂದೆ ನಿಂತು ಒಂದೇ ಸಾಲು ಹೇಳಿದ. "ನನ್ನ ಹಿಂದೆ ನಿಲ್ಲು."

ಅಬ್ಬಾ! ಕೋಣೆಯ ಗಾಳಿಯೇ ಭಾರವಾದ ಹಾಗಾಯಿತು. ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಕಂಚು ಕಣಮ್ಮ ಇದು, ಕಂಚು!" ಅಂದರು. ಅಂದಿನಿಂದ ಅವನ ಹೆಸರೇ ಕಂಚು ಆಯಿತು.

ಹದಿಮೂರು ವರ್ಷ ಅವನು ಸೋಪಿನ ಜಾಹೀರಾತಿಗೆ, ರೈಲು ನಿಲ್ದಾಣದ ಪ್ರಕಟಣೆಗೆ ದನಿ ಕೊಟ್ಟವನು. "ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ" ಎಂಬ ಅವನ ಮಾತನ್ನು ಲಕ್ಷಾಂತರ ಜನ ಕೇಳಿದ್ದರು. ಅವನು ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಈ ಯೋಧನೇ ಅವನ ಮೊದಲ ದೊಡ್ಡ ಪಾತ್ರ.

ವಾರಕ್ಕೆ ಮೂರು ದಿನ ಬರುತ್ತಿದ್ದ. ಬಂದಾಗಲೆಲ್ಲ ಜಗಳ!

"ಇಲ್ಲಿ 'ಕ್ಷಮಿಸು' ಅಂತ ಯಾಕೆ ಹೇಳ್ತಾನೆ?"

"ತಪ್ಪು ಮಾಡಿದ್ದಾನಲ್ಲ!"

"ಹೇಳಲ್ಲ. ಅವಳ ಚೀಲ ಎತ್ಕೊಂಡು ಮುಂದೆ ನಡೀತಾನೆ."

ಅವಳು ಮುಖ ಸಿಂಡರಿಸಿಕೊಂಡೇ ಬರೆದುಕೊಳ್ಳುತ್ತಿದ್ದಳು. ಬರಬರುತ್ತ ಅವನು ಬರದ ದಿನ ಗಾಜಿನ ಆಚೆ ನೋಡುವುದೂ ರೂಢಿಯಾಯಿತು. 'ಏನಾಗಿದೆ ನಂಗೆ? ಮೂವತ್ತೊಂದು ವರ್ಷದ ಹೆಂಗಸು ನಾನು... ಛೇ!'

ಒಂದು ಸಂಜೆ ಮುದ್ರಣ ಮುಗಿದ ಮೇಲೆ ಅವನು ಫ್ಲಾಸ್ಕಿನಿಂದ ಬಿಸಿನೀರು ಸುರಿದುಕೊಳ್ಳುತ್ತ ಕೇಳಿದ, "ಒಂದು ವಿಷಯ ಗೊತ್ತಾ? ಈ ಯೋಧ ರಾಜರ ಮುಂದೆ ತಲೆ ಬಗ್ಗಿಸಲ್ಲ. ಮದ್ದಿನವಳ ಮುಂದೆ ಮಾತ್ರ ಸೋಲ್ತಾನೆ."

"ನಾನು ಹಾಗೆ ಬರೆದಿಲ್ವಲ್ಲ."

"ಬರೆದಿದ್ದೀರಿ." ಅವನು ಅವಳ ಕಣ್ಣನ್ನೇ ನೋಡಿದ. "ನೀವು ಗಮನಿಸಿಲ್ಲ... ಅಷ್ಟೇ."

ಅವಳು ಹಾಳೆಗಳನ್ನು ಎದೆಗವಚಿಕೊಂಡು ಹೊರಗೆ ನಡೆದುಬಿಟ್ಟಳು.

ಎಲ್ಲವೂ ಚೆನ್ನಾಗಿತ್ತು. ಪರೀಕ್ಷೆಯ ದಿನದವರೆಗೆ.

ಆಟ ಹೊರಬರುವ ಮೊದಲು ಇಪ್ಪತ್ತು ಜನರಿಂದ ಆಡಿಸಿ ನೋಡುತ್ತಾರೆ. ಮಾರನೆಯ ಬೆಳಿಗ್ಗೆ ನಿರ್ದೇಶಕ ಅವಳನ್ನು ಕರೆದ. ಕೆಟ್ಟವನಲ್ಲ, ಆದರೆ ಅವಸರದ ಮನುಷ್ಯ.

"ನಕ್ಕಿದ್ದಾರೆ, ಮೆಚ್ಚಿದ್ದಾರೆ. ಆದ್ರೆ ಒಬ್ಬರೂ ಅತ್ತಿಲ್ಲ! ಆರನೇ ಅಧ್ಯಾಯದಲ್ಲಿ ಮದ್ದಿನವಳು ಸಾಯ್ಲಿ."

"ಸಾಧ್ಯವೇ ಇಲ್ಲ!"

"ಎಲ್ಲಾ ಆಟದಲ್ಲೂ ಸಾಯ್ತಾಳಮ್ಮ. ನೀನೇ ನಾಲ್ಕು ಸಲ ಸಾಯಿಸಿದ್ದೀಯ. ಅಲ್ಲಿ ಒಂದು ಸಾವು ಬೇಕು ಅಂತ ನಿಮ್ಮ ಕಂಚೂ ನಿನ್ನೆ ಒಪ್ಕೊಂಡ."

ಕಂಚು... ಒಪ್ಪಿಕೊಂಡನೇ?

ಅವಳಿಗೆ ಥಟ್ಟನೆ ಎಲ್ಲ ಅರ್ಥವಾದಂತೆನಿಸಿತು. ಮದ್ದಿನವಳು ಸತ್ತರೆ ಶವದ ಪಕ್ಕ ಕೂತು ರೋದಿಸುವವನು ಯೋಧ. ಎಂಥ ಕಲಾವಿದನಿಗೂ ಬಾಯಲ್ಲಿ ನೀರೂರಿಸುವ ದೃಶ್ಯ!

ಕಾರಿಡಾರಿನಲ್ಲಿ ಅವನು ಎದುರಾದ. ಮುಖದ ತುಂಬ ನಗು. "ನಿಮ್ಮ ಹತ್ರ ಮಾತಾಡ್ಬೇಕಿತ್ತು, ನಿನ್ನೆ ನಾನು..."

"ಗೊತ್ತಾಯ್ತು. ನಿಮ್ಮ ಅಳುವ ದೃಶ್ಯಕ್ಕೆ ನಮ್ಮಮ್ಮನೇ ಬೇಕಾಗಿದ್ರಾ?"

ನಗು ಆರಿತು. "ಏನು?"

"ಅವಳು ನಮ್ಮಮ್ಮ ಅಂತ ನಾನೇ ನಿಮಗೆ ಹೇಳಿದ್ದೆ! ಗೊತ್ತಿದ್ದೂ... ನಂಬಿಸಿ ಕುತ್ತಿಗೆ ಕೊಯ್ಯೋ ಸ್ನೇಹಿತನ ಪಾತ್ರಕ್ಕೆ ನಿಮ್ಮನ್ನ ತಗೋಬೇಕಿತ್ತು. ತಪ್ಪು ಪಾತ್ರ ಕೊಟ್ಟೆ."

ಅವನ ದವಡೆ ಬಿಗಿಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಮೂರು ತಿಂಗಳು ನನ್ನ ಜೊತೆ ಕೂತು ಕೆಲಸ ಮಾಡಿದ್ದೀರಿ. ನಾನು ಇಷ್ಟೇ ಅನ್ನಿಸ್ತಾ?" ಎಂದ.

ಉತ್ತರಕ್ಕೆ ಕಾಯಲಿಲ್ಲ. ಹೊರಟುಹೋದ. ಅವನಿಗೂ ಸ್ವಾಭಿಮಾನವಿತ್ತು.

ನಿರ್ದೇಶಕ ಶುಕ್ರವಾರದವರೆಗೆ ಗಡುವು ಕೊಟ್ಟ. ಅವಳು ಕಂಪ್ಯೂಟರಿನ ಮುಂದೆ ಕೂತಳು. ಒಂದು ಸಾಲೂ ಬರಲಿಲ್ಲ. ಮನಸ್ಸು ಮದ್ದಿನವಳನ್ನು ಬಿಟ್ಟು ಆ ಕಾರಿಡಾರಿಗೇ ಓಡುತ್ತಿತ್ತು.

ಬುಧವಾರ ಮೇಷ್ಟ್ರು ಬಂದು ಅವಳ ಮೇಜಿನ ಅಂಚಿಗೆ ಕೂತರು. "ಏನಮ್ಮ, ಕಂಚು ಫೋನೂ ಎತ್ತುತ್ತಿಲ್ಲ?"

"ಅವರ ವಿಷಯ ಬೇಡ ಮೇಷ್ಟ್ರೇ. ಅವರೇ ತಾನೇ ಸಾವು ಬೇಕು ಅಂದಿದ್ದು?"

"ಪೂರ್ತಿ ಕೇಳಿದ್ಯಾ? ನಾನು ಅಲ್ಲೇ ಇದ್ದೆ ಕಣಮ್ಮ! 'ಸಾವು ಬೇಕೇ ಬೇಕು ಅಂದ್ರೆ ನನ್ನನ್ನ ಸಾಯಿಸಿ, ಆಕೆಯನ್ನ ಮುಟ್ಟಬೇಡಿ' ಅಂದ. 'ನೀನು ಸತ್ರೆ ಮುಂದಿನ ಭಾಗದಲ್ಲಿ ನಿಂಗೆ ಪಾತ್ರನೇ ಇರಲ್ಲಪ್ಪ' ಅಂದ್ರು ನಿರ್ದೇಶಕರು. 'ಗೊತ್ತು ಸರ್. ಆ ಹೆಂಗಸನ್ನ ಬರೆಯೋಕೆ ಅವರು ಎಷ್ಟು ಕಷ್ಟಪಟ್ಟಿದ್ದಾರೆ ಅಂತಾನೂ ಗೊತ್ತು' ಅಂದ."

ಅವಳ ಕಣ್ಣು ಮಂಜಾಯಿತು. ಹದಿಮೂರು ವರ್ಷ ಕಾದು ಸಿಕ್ಕ ಪಾತ್ರ... ಅದನ್ನು ಅವಳ ಮದ್ದಿನವಳಿಗಾಗಿ ಬಿಟ್ಟುಕೊಡಲು ಹೊರಟವನನ್ನು ಅವಳು ಕುತ್ತಿಗೆ ಕೊಯ್ಯುವವನು ಅಂದಿದ್ದಳು!

ತಕ್ಷಣ ಫೋನ್ ಕೈಗೆತ್ತಿಕೊಂಡಳು. ಹಾಗೇ ಕೆಳಗಿಟ್ಟಳು.

'ಬರೀ ಕ್ಷಮೆ ಕೇಳಿದ್ರೆ ಸಾಲದು. ಒರಟ ಯೋಧ ಎಲ್ಲರಿಗಾಗಿ ಪ್ರಾಣ ಕೊಡೋದು... ಅದೂ ಹಳೇ ಅಚ್ಚೇ ಅಲ್ವಾ? ಅವಳನ್ನ ಉಳಿಸೋಕೆ ಇವನನ್ನ ಬಲಿ ಕೊಟ್ರೆ ನಾನೇನು ಬರೆದ ಹಾಗಾಯ್ತು? ಇಲ್ಲ. ಇಬ್ಬರೂ ಬದುಕ್ತಾರೆ. ಆದ್ರೂ ಜನ ಅಳ್ತಾರೆ. ನೋಡೇಬಿಡೋಣ!'

ಎರಡು ದಿನ ಬರೆದಳು. ಹರಿದಳು. ಮತ್ತೆ ಬರೆದಳು. ಶುಕ್ರವಾರ ಬೆಳಿಗ್ಗೆ ಅವನಿಗೆ ಸಂದೇಶ ಹೋಯಿತು: "ಹನ್ನೊಂದು ಗಂಟೆಗೆ ಆರನೇ ಅಧ್ಯಾಯದ ಓದು ಇದೆ. ನನಗೋಸ್ಕರ ಅಲ್ಲ, ಯೋಧನಿಗೋಸ್ಕರ ಬನ್ನಿ."

ಬಂದ. ಅವಳತ್ತ ನೋಡದೆ ಹಾಳೆ ತೆಗೆದುಕೊಂಡ. ಸಭಾಕೋಣೆಯಲ್ಲಿ ನಿರ್ದೇಶಕ, ಮೇಷ್ಟ್ರು, ಚಿತ್ರ ಬರೆಯುವವರು, ಲೆಕ್ಕ ಹಾಕಿದರೆ ಮೂವತ್ತು ಜನ. ಮದ್ದಿನವಳಿಗೆ ದನಿ ಕೊಡುವ ಕಲಾವಿದೆ ಊರಲ್ಲಿರಲಿಲ್ಲ. ಅವಳ ಸಾಲುಗಳನ್ನು ತಾನೇ ಓದುವುದಾಗಿ ಲೇಖಕಿ ಎದ್ದು ನಿಂತಳು. ಕತ್ತು ನೆಟ್ಟಗಿತ್ತು.

ದೃಶ್ಯ ಇಷ್ಟೇ. ಕೋಟೆಯ ಬಾಗಿಲಲ್ಲಿ ಯೋಧ ಬಿದ್ದಿದ್ದಾನೆ. ಪಕ್ಕೆಯಲ್ಲಿ ಬಾಣ.

"ಬಿಟ್ಟು ಹೋಗು," ಅವನು ಓದಿದ. "ನನ್ನ ಕಾಲ ಮುಗೀತು."

"ಮುಗಿದಿದ್ಯೋ ಇಲ್ವೋ ಹೇಳೋಳು ನಾನು. ಕಣ್ಣು ಬಿಡು!"

"ನಾನಿಲ್ಲಿ ಸತ್ರೆ ನೀವೆಲ್ಲ ದಾಟಬಹುದು. ಯೋಧ ಇರೋದೇ ಅದಕ್ಕೆ."

"ಸಾಯೋದು ಸುಲಭ ಕಣೋ." ಅವಳ ದನಿಯಲ್ಲಿ ಅಮ್ಮನ ಮೂವತ್ತೆರಡು ವರ್ಷ ಮಾತಾಡುತ್ತಿತ್ತು. "ಮೂರು ತಿಂಗಳು ಮಲಗಿ, ನನ್ನ ಕೈಲಿ ಬೈಸ್ಕೊಂಡು, ಕಹಿ ಮದ್ದು ನುಂಗಿ, ಮಗು ಥರ ಮತ್ತೆ ಮೊದಲ ಹೆಜ್ಜೆ ಇಡಬೇಕಲ್ಲ... ಅದು ಕಷ್ಟ. ಅಷ್ಟು ಧೈರ್ಯ ಇದ್ಯಾ ನಿಂಗೆ?"

ಅವನು ಮುಂದಿನ ಸಾಲಿಗೆ ಕಣ್ಣು ಹಾಯಿಸಿದ. ನಿಂತ.

"...ಭಯ ಆಗುತ್ತೆ."

ಆ ಕಂಚಿನ ಕಂಠ ಅಲ್ಲಿ ಒಡೆಯಿತು.

"ಗೊತ್ತು," ಅವಳು ಹಾಳೆ ನೋಡದೆಯೇ ಹೇಳಿದಳು. "ಕೈ ಹಿಡ್ಕೋ. ನಾನು ಎಲ್ಲೂ ಹೋಗಲ್ಲ."

ಚಿತ್ರ ಬರೆಯುವ ಹುಡುಗಿಯೊಬ್ಬಳು ಮೂಗೊರೆಸಿಕೊಂಡಳು. ನಿರ್ದೇಶಕ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಉಜ್ಜತೊಡಗಿದ. ಎಷ್ಟು ಉಜ್ಜಿದರೂ ಅವನ ಕೆಲಸ ಮುಗಿಯಲಿಲ್ಲ.

"ಒಂದು ಹೆಣ ಬೀಳದೆ ಅಳಿಸಿಬಿಟ್ಯಲ್ಲೇ ಮಾರಾಯ್ತಿ!" ಅಂದ ಕೊನೆಗೆ. "ಇದೇ ಇರಲಿ. ಒಂದಕ್ಷರ ಮುಟ್ಟಬೇಡಿ."

ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂವತ್ತು ಜನರೂ ತಟ್ಟಿದರು. ಅವಳು ತಲೆ ತಗ್ಗಿಸಲಿಲ್ಲ. ನಾಚಿಕೊಳ್ಳಲೂ ಇಲ್ಲ. ಹತ್ತು ವರ್ಷದ ದುಡಿಮೆಗೆ ಸಿಕ್ಕ ಆ ಸದ್ದನ್ನು ಎದೆಯುಬ್ಬಿಸಿ ಕೇಳಿಸಿಕೊಂಡಳು.

ಎಲ್ಲರೂ ಹೊರಟ ಮೇಲೆ ಕುರ್ಚಿಗಳ ನಡುವೆ ಇಬ್ಬರೇ ಉಳಿದರು.

"ಮೇಷ್ಟ್ರು ಎಲ್ಲಾ ಹೇಳಿದ್ರು," ಅಂದಳು. "ನಾನು ಪೂರ್ತಿ ಕೇಳದೆ ಕೆಟ್ಟದಾಗಿ ಮಾತಾಡಿದೆ. ತಪ್ಪು ನಂದೇ. ಕ್ಷಮಿಸಿ."

"ನೋವಾಯ್ತು," ಅವನು ಒಪ್ಪಿಕೊಂಡ. "ಸುಳ್ಳು ಹೇಳಲ್ಲ. ಈ ಕೆಲಸ ಬಿಟ್ಟುಬಿಡೋಣ ಅನ್ನಿಸಿತ್ತು."

"ಮತ್ತೆ ಯಾಕೆ ಬಂದ್ರಿ?"

"ನೀವು ಏನು ಬರೆದಿರ್ತೀರಿ ಅಂತ ನೋಡದೆ ಇರೋಕಾಗಲಿಲ್ಲ." ಅವನ ದನಿ ಮೆತ್ತಗಾಯಿತು. "ನನ್ನನ್ನೂ ಸಾಯೋಕೆ ಬಿಡಲಿಲ್ವಲ್ಲ ನೀವು... ಇವತ್ತು ನಿಮ್ಮ ಎದುರು ನಿಂತು ಓದುವಾಗ ನಂಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ?"

ಸಾವಿರಾರು ಪುಟ ಮಾತು ಬರೆದವಳಿಗೆ ಈಗ ಒಂದು ಪದಕ್ಕೂ ತಡಕಾಟ!

"ಸಂಜೆ ಬಿಡುವಿದ್ಯಾ?" ಕೊನೆಗೆ ಕೇಳಿದಳು. "ಮನೆಗೆ ಬನ್ನಿ. ಅಮ್ಮನಿಗೆ ಪರಿಚಯ ಮಾಡಿಸ್ಬೇಕು."

"ಏನಂತ?"

"ದಾರೀಲಿ ಯೋಚನೆ ಮಾಡ್ತೀನಿ."

"ಎಷ್ಟು ದೂರ?"

"ಬಸ್ಸಲ್ಲಿ ಎರಡು ಸ್ಟಾಪು."

"ಎರಡೇ ಸ್ಟಾಪಾ?" ಅವನು ಒಂದು ಹೆಜ್ಜೆ ಹತ್ತಿರ ಬಂದ. "ಅಷ್ಟರಲ್ಲಿ ತೀರ್ಮಾನ ಆಗುತ್ತಾ?"

ಅವಳು ಕಣ್ಣು ತಪ್ಪಿಸಲಿಲ್ಲ. "ಆಗಿದೆ. ನನ್ನವನು ಅಂತ ಹೇಳ್ತೀನಿ. ನಿಂಗೆ ಒಪ್ಪಿಗೆನಾ?"

ಅವನ ಮುಖದ ಮೇಲೆ ನಗು ನಿಧಾನವಾಗಿ ಹರಡಿತು.

"ಏನಂದೆ? 'ನಿಂಗೆ' ಅಂದ್ಯಾ?"

"ಹೂಂ, ಅಂದೆ."

"ಇನ್ನೊಂದ್ಸಲ ಅನ್ನು."