ಅರ್ಧ ಬೆಲೆಯ ಗುಂಡು

ಕೆಂಪು ಪಿಕಪ್ ಎರಡನೆಯ ಸಲ ನನ್ನ ಬಂಪರ್‌ಗೆ ಗುದ್ದಿತು.

ಸ್ಟೇರಿಂಗ್ ಕೈ ತಪ್ಪಿತು... ಹಿಡಿದೆ. ಪಕ್ಕದ ಸೀಟಿನಲ್ಲಿದ್ದ ತಗಡಿನ ಡಬ್ಬಿ ಉರುಳಿ ನನ್ನ ಮಂಡಿಗೆ ಬಡಿಯಿತು. ಆಪರೇಷನ್ ಮಾಡಿ ಹಾಕಿದ ಹೊಸ ಮಂಡಿ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅದು ಇಲ್ಲಿ ಬೇಡ ಬಿಡಿ.

ಹಿಂದೆ ಬಿದ್ದವನು ರಾಯ್ಸ್ ಟ್ಯಾಕೆಟ್. ಅರಿಜೋನಾದ ನಮ್ಮ ಈ ಮೂಲೆಯಲ್ಲಿ ಪಿಸ್ತೂಲು ಹಿಡಿದವರಿಗೆಲ್ಲ ಅವನೇ ಗುರು. ಶೂಟಿಂಗ್ ಕ್ಲಬ್ಬಿನ ಸೇಫ್ಟಿ ಆಫೀಸರ್. ಜೊತೆಗೆ ಮಿಲಿಟರಿಯವರು ಬೇಡವೆಂದ ಹಳೇ ಗುಂಡುಗಳನ್ನು ಅಗ್ಗಕ್ಕೆ ಮಾರುವವನು. ಡಬ್ಬಿ ಅವನದು. ಅದನ್ನು ಕದ್ದು ಓಡುತ್ತಿದ್ದವಳು ನಾನು, ಡೊರೀನ್ ಹ್ಯಾಸ್ಕೆಟ್. ಎಲ್ಲಿ ಬಂದೂಕು ಸಿಡಿದರೂ ಇನ್ಶೂರೆನ್ಸ್ ಕಂಪನಿಯವರು ಮೂಗು ತೂರಿಸಲು ಕಳಿಸುವುದು ನನ್ನನ್ನೇ.

ಇತ್ತೀಚೆಗೆ ಎರಡು ಪಿಸ್ತೂಲು ಹಿಡಿದವರ ಕೈಯಲ್ಲೇ ಸಿಡಿದಿದ್ದವು. ಒಬ್ಬನ ಹೆಬ್ಬೆರಳು ಹೋಯಿತು. ಇಬ್ಬರೂ ರಾಯ್ಸ್‌ನ ಗಿರಾಕಿಗಳು! ಅದಕ್ಕೇ ಬೆಳಿಗ್ಗೆ ನಾನೂ ಗಿರಾಕಿಯಾಗಿ ಅವನ ಶೆಡ್ಡಿಗೆ ಹೋದೆ.

ಹಳೇ ಮಾಲು ಎಂದರೆ ಮೂಗು ಮುರಿಯಬೇಡಿ. ನನಗಿಂತ ಹಿರಿಯ ತೋಟಾಗಳನ್ನು ನಾನು ಹಾರಿಸಿದ್ದೇನೆ, ಒಂದೂ ಕೈಕೊಟ್ಟಿಲ್ಲ. ಸೈನ್ಯದವರು ಮುಚ್ಚಿದ ಡಬ್ಬಿ ಮುಚ್ಚಿದಂತೆಯೇ ಇದ್ದು, ಒಣ ಜಾಗದಲ್ಲಿದ್ದರೆ ಒಳಗಿನ ಮದ್ದಿಗೆ ವಯಸ್ಸೇ ಆಗುವುದಿಲ್ಲ. ಮೊದಲು ಡಬ್ಬಿಯ ಅಂಚು ನೋಡಬೇಕು. ಆಮೇಲೆ ತೋಟಾದ ತಳದಲ್ಲಿ ಒತ್ತಿರುವ ಕಾರ್ಖಾನೆಯ ಗುರುತು. ಒಂದು ಡಬ್ಬಿಗೆ ಒಂದೇ ಗುರುತು ಇರಬೇಕು.

ಈ ಡಬ್ಬಿಯ ಬೆಸುಗೆ ಮೊನ್ನೆ ಮೊನ್ನೆ ಹಾಕಿದ ಹಾಗೆ ಮಿನುಗುತ್ತಿತ್ತು. ಒಳಗೆ ಹತ್ತಾರು ಗುರುತು, ಬೆರಕೆ ಸಂತೆ. ಹಿತ್ತಾಳೆ ಬೇಕಾದ್ದಕ್ಕಿಂತ ಜಾಸ್ತಿ ಹೊಳೆಯುತ್ತಿತ್ತು. ಯಾರೋ ಉಜ್ಜಿದ್ದಾರೆ. ಯಾಕೆ? ಹಸಿರು ಕಿಲುಬು ಮರೆಸಲು. ಕಿಲುಬು ಯಾಕೆ ಬಂತು? ನೀರು ಕುಡಿದು! ಒಂದರ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಸೀಸ ಸಲೀಸಾಗಿ ಒಳಗೆ ಸರಿಯಿತು. ಇನ್ನೊಂದನ್ನು ಕಿವಿಯ ಬಳಿ ಅಲುಗಾಡಿಸಿದೆ. ಮದ್ದು ಉಂಡೆಕಟ್ಟಿತ್ತು, ಸದ್ದೇ ಇಲ್ಲ.

ಪ್ರವಾಹದಲ್ಲಿ ನೆನೆದು ಗುಜರಿಗೆ ಹೋಗಬೇಕಾದ ಸರಕು. ರಾಯ್ಸ್ ಅದಕ್ಕೆ ಮೇಕಪ್ ಮಾಡಿ ಮದುವೆಗೆ ಕೂರಿಸಿದ್ದ.

"ತಗೊಂಡ್ರೆ ಈಗ್ಲೇ ತಗೋ, ಆಮೇಲೆ ಸಿಗಲ್ಲ" ಎಂದ. "ನಿನ್ನ ಗೆಳತಿ ಮೇವಿಸ್ ಇವತ್ತಿನ ಹೆಂಗಸರ ಮ್ಯಾಚಿಗೆ ಇದನ್ನೇ ಹೊತ್ಕೊಂಡು ಹೋಗಿದಾಳೆ."



ಮೇವಿಸ್ ಆಟ್ಲಿ ನಮ್ಮೂರಿಗಿರುವ ಒಬ್ಬಳೇ ಹಲ್ಲಿನ ಡಾಕ್ಟರು. ನನಗಿರುವ ಒಬ್ಬಳೇ ಗೆಳತಿ. ರಿಯಾಯಿತಿ ಕೂಪನ್ ಸಿಕ್ಕಿತೆಂದು ಮೊಟ್ಟೆಗಾಗಿ ಪಕ್ಕದ ಊರಿಗೆ ಕಾರು ಓಡಿಸುವ ಜಾತಿ. ಅವಳ ಹೊಟ್ಟೆಪಾಡು ನಿಂತಿರುವುದು ಬಲಗೈ ಮೇಲೆ. ಸತ್ತ ಮದ್ದು ಏನು ಮಾಡುತ್ತದೆ ಗೊತ್ತೇ? ಗುಂಡನ್ನು ನಳಿಗೆಯ ಅರ್ಧದವರೆಗೆ ತಳ್ಳಿ ಸುಮ್ಮನಾಗುತ್ತದೆ. 'ಢಂ' ಬದಲು 'ಪುಸ್'. ಅದು ತಿಳಿಯದೆ ಮುಂದಿನದನ್ನು ಹಾರಿಸಿದಿರೋ... ನಳಿಗೆ ಕೈಯಲ್ಲೇ ಸಿಡಿಯುತ್ತದೆ.

ಫೋನ್ ಮಾಡಿದೆ. ಗುಂಡಿನ ಸದ್ದು ತಡೆಯಲು ಕಿವಿಗೆ ಮಫ್ ಹಾಕಿಕೊಂಡವಳಿಗೆ ಎಲ್ಲಿ ಕೇಳಬೇಕು? ರಾಯ್ಸ್ ಅತ್ತ ತಿರುಗಿದ್ದೇ ತಡ, ಸಾಕ್ಷಿಗೆಂದು ಡಬ್ಬಿ ಎತ್ತಿಕೊಂಡು ಕಾರು ಹತ್ತಿದೆ.

ಪಿಕಪ್ ಮೂರನೆಯ ಸಲ ಗುದ್ದಲು ಬಂತು. ರಸ್ತೆ ಬಿಟ್ಟು ಒಣ ಹಳ್ಳಕ್ಕೆ ಇಳಿಸಿದೆ. ನನ್ನ ಬಡಕಲು ಕಾರು ಮರಳಿನ ಮೇಲೆ ತೇಲಿಕೊಂಡು ಆಚೆ ದಡ ಹತ್ತಿತು. ಅವನ ಭಾರಿ ಪಿಕಪ್ ಚಕ್ರದ ಮಟ್ಟಕ್ಕೆ ಹೂತು ಕೂತಿತು. ಕನ್ನಡಿಯಲ್ಲಿ ನೋಡಿ ಒಂದು ಮುತ್ತು ಎಸೆದೆ.

ಹಳ್ಳ ದಾಟಿದರೆ ಎದುರಿಗೇ ಕ್ಲಬ್ಬಿನ ಮೈದಾನ. ಹೆಂಗಸರು ಸಾಲಾಗಿ ನಿಂತು ಹೊಡೆಯುತ್ತಿದ್ದರು. ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಕಾರಿನಿಂದ ಇಳಿದೆ.

ಢಂ. ಢಂ.

ಪುಸ್.

ಮೇವಿಸ್! ಪಿಸ್ತೂಲನ್ನು ಹುಬ್ಬುಗಂಟಿಕ್ಕಿ ನೋಡಿದಳು. ಮೇಲಿನ ಸ್ಲೈಡ್ ಎಳೆದು ಇನ್ನೊಂದು ತೋಟಾ ಏರಿಸಿದಳು. ಗುರಿ ಹಿಡಿದಳು...

"ಸೀಸ್ ಫೈರ್!" ಮಫ್ ದಾಟಿ ಕೇಳುವಂತೆ ಕಿರುಚಿದೆ.

ನಮ್ಮಲ್ಲಿ 'ಗುಂಡು ನಿಲ್ಲಿಸಿ' ಎನ್ನುವ ಈ ಮಾತನ್ನು ಯಾರು ಬೇಕಾದರೂ ಕೂಗಬಹುದು, ಆಲೂಗಡ್ಡೆ ಕರಿಯುವ ಕ್ಯಾಂಟೀನಿನವಳೂ ಕೂಗಬಹುದು. ಕೂಗಿದ ಮೇಲೆ ಯಾಕೆ ಎಂದು ಯಾರೂ ಕೇಳುವಂತಿಲ್ಲ. ಎಲ್ಲರೂ ಪಿಸ್ತೂಲು ಖಾಲಿ ಮಾಡಿ ಬೆಂಚಿನ ಮೇಲಿಟ್ಟು ಹಳದಿ ಗೆರೆಯ ಹಿಂದೆ ಬಂದರು. ಮೇವಿಸ್ ಕೂಡ.

"ಗೆಲ್ತಾ ಇದ್ದೆ ಕಣೇ ನಾನು" ಎಂದು ಸಿಡುಕಿದಳು.

ಉತ್ತರ ಹೇಳಲು ಪುರುಸೊತ್ತಾಗಲಿಲ್ಲ. ಮೈಯೆಲ್ಲ ಮರಳು ಮೆತ್ತಿಕೊಂಡು ರಾಯ್ಸ್ ನಡೆದೇ ಬಂದುಬಿಟ್ಟಿದ್ದ. ಅವನ ಪಿಸ್ತೂಲು ನನ್ನ ಎದೆಗೆ ನೆಟ್ಟಿತ್ತು.

"ಡಬ್ಬಿ ಕೊಡು, ಅಜ್ಜಿ."

ಬೆಂಚಿನ ಮೇಲೆ ಸಾಲು ಸಾಲು ಪಿಸ್ತೂಲುಗಳು. ಆದರೆ ಸೀಸ್ ಫೈರ್ ಆದ ಮೇಲೆ ಅವನ್ನು ಮುಟ್ಟುವಂತಿಲ್ಲ. ಒಬ್ಬಳೂ ಮುಟ್ಟಲಿಲ್ಲ! ನಾನು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೆ.

"ನೀನೇ ಕಲಿಸಿದ ಹೆಂಗಸರ ಮುಂದೆ ಹೊಡೀತೀಯಾ?"

"ನನ್ನ ಮರ್ಯಾದೆ ಆ ಡಬ್ಬೀಲಿದೆ. ಕೊಡು."

"ಕೊಡಲ್ಲ."

ಪಿಸ್ತೂಲಿನ ಕುದುರೆ ಒತ್ತಿದ.

ಟಕ್.

ಅಷ್ಟೇ. ಪುಣ್ಯಾತ್ಮ ತನ್ನ ಪಿಸ್ತೂಲಿಗೂ ತನ್ನದೇ ಮಾಲು ತುಂಬಿಕೊಂಡಿದ್ದ. ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ?

ಮೊದಲು ಬಾಯಿಬಿಟ್ಟವಳು ಮೇವಿಸ್. ಅವನು ಪಾಠ ಹೇಳುವಾಗಿನ ಧಾಟಿಯಲ್ಲೇ ಗದರಿದಳು.

"ತಡವಾಗಿ ಸಿಡಿಯುತ್ತೆ, ರಾಯ್ಸ್. ಮಣ್ಣು ದಿಬ್ಬದ ಕಡೆ ಹಿಡಿ. ಅರ್ಧ ನಿಮಿಷ."

'ಟಕ್' ಎಂದ ತೋಟಾ ಸತ್ತೇ ಹೋಗಿದೆ ಎಂದು ನಂಬುವಂತಿಲ್ಲ, ಒಳಗೇ ಕಿಡಿ ಹಿಡಿದು ಆಮೇಲೆ ಹಾರಬಹುದು. ಗುರಿಹಲಗೆಗಳ ಹಿಂದಿನ ಮಣ್ಣು ದಿಬ್ಬದ ಕಡೆ ಹಿಡಿದು ಅರ್ಧ ನಿಮಿಷ ಕಾಯಬೇಕು. ಈ ಮಾತನ್ನು ನಮ್ಮೆಲ್ಲರ ತಲೆಗೆ ತುಂಬಿದವನು ರಾಯ್ಸ್. ತನ್ನ ತಲೆಗೆ ಎಷ್ಟು ತುಂಬಿಕೊಂಡಿದ್ದನೆಂದರೆ... ಅವನ ಕೈ ತಾನಾಗಿ ದಿಬ್ಬದತ್ತ ತಿರುಗಿತು. ತುಟಿ ಎಣಿಸತೊಡಗಿತು.

ನಾವೆಲ್ಲ ಕಾದೆವು. ನಾನೂ ಕಾದೆ. ರೂಲ್ ಅಂದರೆ ರೂಲ್.

ಎಣಿಸಿ ಮುಗಿಸಿದ. ಗುಂಡು ತುಂಬಿದ ಮ್ಯಾಗಜೀನ್ ತೆಗೆದ. ತೋಟಾ ಹೊರಗೆ ಬೀಳಿಸಿದ. ಸ್ಲೈಡ್ ತೆರೆದು, ಪಿಸ್ತೂಲನ್ನು ಬೆಂಚಿನ ಮೇಲೆ ನೀಟಾಗಿ ಇಟ್ಟು, ಹಳದಿ ಗೆರೆಯ ಹಿಂದೆ ಬಂದು ನಿಂತ.

"ಕ್ಲಿಯರ್" ಎಂದ.

ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

ಆಗಲೇ ತಡವಾಗಿತ್ತು. ಅವನಿಗೂ ಬೆಂಚಿಗೂ ನಡುವೆ ಹೆಂಗಸರ ಇಡೀ ಟೀಮು ನಿಂತಿತ್ತು. ಬೇಕರಿಯ ಬರ್ನಡೀನ್ ಒಂದೇ ಏಟಿಗೆ ಅವನನ್ನು ಕೆಡವಿ ಮೇಲೆ ಕೂತಳು. ಪೊಲೀಸರು ಬರುವವರೆಗೂ ಅವಳು ಏಳಲಿಲ್ಲ.

ನಾನು ಮೇವಿಸ್‌ಳ ಪಿಸ್ತೂಲಿನ ನಳಿಗೆ ಬಿಚ್ಚಿ ಸರಳು ತೂರಿಸಿ ಬಡಿದೆ. ಸಿಕ್ಕಿಕೊಂಡಿದ್ದ ಗುಂಡು ಅವಳ ಅಂಗೈಗೆ ಬಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಅರ್ಧ ಬೆಲೆಗೆ ಕೊಟ್ಟ ಕಣೇ..." ಎಂದಳು. 

ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು. ನನಗೆ ಅಳು ಬಂತು, ಜೊತೆಗೇ ನಗುವೂ ಬಂತು.

ಬೇಡಿ ಹಾಕಿಸಿಕೊಂಡು ಹೋಗುವಾಗ ರಾಯ್ಸ್ ನನ್ನ ಕಡೆ ತಿರುಗಿದ. ಶಾಪ ಹಾಕುತ್ತಾನೆ ಎಂದುಕೊಂಡೆ.

"ಕಣ್ಣಿಗೆ ಕನ್ನಡಕ ಇಲ್ಲ, ಕಿವಿಗೆ ಮಫ್ ಇಲ್ಲ, ಸೀದಾ ಫೈರಿಂಗ್ ಲೈನಿಗೆ ನುಗ್ಗಿದೀಯ. ಕ್ಲಬ್ಬಿಗೆ ಕಂಪ್ಲೇಂಟ್ ಕೊಡ್ತೀನಿ."

ಕೊಟ್ಟೇಬಿಟ್ಟ, ಜೈಲಿನಿಂದಲೇ!

ಕ್ಲಬ್ಬಿನವರು ಸಭೆ ಕರೆದರು. ನನ್ನನ್ನು ಒಂದು ತಿಂಗಳು ಹೊರಗಿಡಬೇಕು ಎನ್ನುವವರು ಕೈ ಎತ್ತಿ ಎಂದರು.

ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಮೇವಿಸ್‌ಳ ಬಲಗೈ. ಐದು ಬೆರಳೂ ನೆಟ್ಟಗಿದ್ದವು.