ಒಡ್ಡು ಕಡಿದ ದಿನ

ಬೆಳಗಿನ ಆರು ಗಂಟೆಗೆ ನೆರೆ ನಿಯಂತ್ರಣ ಕಚೇರಿಯ ಫೋನು ಮತ್ತೆ ಹೊಡೆದುಕೊಂಡಿತು. ಇಂಜಿನಿಯರಮ್ಮ ಮೇಜಿನ ಮೇಲೆ ತಲೆಯಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಮೂರು ದಿನದಿಂದ ಅವರ ನಿದ್ದೆಯೆಲ್ಲ ಹೀಗೇ, ಹತ್ತು ಹತ್ತು ನಿಮಿಷದ ಚೂರುಗಳಲ್ಲಿ ಸಾಗಿತ್ತು.

ಹೊಳೆಯ ಮೇಲ್ಭಾಗದಲ್ಲಿ ನೀರಿನ ಮಟ್ಟ ಅಳೆಯುವವನು ಮಾತಾಡುತ್ತಿದ್ದ. "ಮೇಡಂ, ಗಂಟೆಗೆ ಒಂದು ಗೇಣು ಏರ್ತಾ ಇದೆ. ಈ ನೀರು ಸಂಜೆ ಐದಕ್ಕೆ ನಿಮ್ಮೂರು ಮುಟ್ಟುತ್ತೆ."

ಊರಿನ ತಡೆಗೋಡೆಯಲ್ಲಿ ಉಳಿದಿದ್ದದ್ದು ಎರಡು ಮೊಳ. ಬರುತ್ತಿದ್ದದ್ದು ಮೂರು ಮೊಳ. ಅದಕ್ಕೆ ಕಾಗದ ಪೆನ್ಸಿಲ್ಲು ಬೇಕಿರಲಿಲ್ಲ. ಪ್ರತಿ ಸಲ ನೆರೆ ಬಂದಾಗಲೂ ಊರಿನವರು ಗೋಡೆಯ ಮೇಲೆ ಇನ್ನೊಂದು ಸಾಲು ಕಲ್ಲು ಏರಿಸಿದ್ದರು. ಗೋಡೆ ಎತ್ತರವಾದಂತೆಲ್ಲ ಇಕ್ಕಟ್ಟಿಗೆ ಸಿಕ್ಕ ಹೊಳೆಯೂ ಎತ್ತರವಾಗುತ್ತ ಬಂದಿತ್ತು.

ಉಳಿದಿದ್ದದ್ದು ಒಂದೇ ದಾರಿ. ಹನ್ನೆರಡು ಕಿಲೋಮೀಟರ್ ಮೇಲಕ್ಕೆ, ಎಡದಂಡೆಯ ಆಚೆ ಒಂದು ದೊಡ್ಡ ತಗ್ಗು ಪ್ರದೇಶವಿತ್ತು. ಹಿಂದೆ ನೆರೆ ಬಂದಾಗ ಹೊಳೆ ಅಲ್ಲಿಗೆ ಹೋಗಿ ಹರಡಿಕೊಳ್ಳುತ್ತಿತ್ತು. ಆಮೇಲೆ ಅಡ್ಡಕ್ಕೆ ಮಣ್ಣಿನ ಒಡ್ಡು ಹಾಕಿ, ಅದರಲ್ಲೊಂದು ಕಬ್ಬಿಣದ ಗೇಟು ಕೂರಿಸಿದ್ದರು. ಕಷ್ಟಕಾಲದಲ್ಲಿ ತೆರೆಯಬೇಕಾದ ಆ ಗೇಟನ್ನು ಹನ್ನೊಂದು ವರ್ಷದಿಂದ ಯಾರೂ ತೆರೆದಿರಲಿಲ್ಲ. ಈಗ ಕಚೇರಿಯಿಂದ ಗುಂಡಿ ಒತ್ತಿದರೆ ಮೋಟಾರು ಮಿಸುಕುತ್ತಿರಲಿಲ್ಲ. ಹೋಗೋಣವೆಂದರೆ ರಸ್ತೆ ನೀರಿನ ಕೆಳಗಿತ್ತು.

"ಕೈಯಲ್ಲೇ ತಿರುಗಿಸಬೇಕು. ಯಾರು ಬರ್ತೀರಿ?" ಎಂದು ಇಂಜಿನಿಯರಮ್ಮ ಕೇಳಿದರು.

ಬಾಗಿಲ ಬಳಿ ಚಹಾ ಹೀರುತ್ತಿದ್ದ ಫಿಟ್ಟರು ಲೋಟ ಕೆಳಗಿಟ್ಟ. ಗೇಟುಗಳ ರಿಪೇರಿಯಲ್ಲೇ ತಲೆ ನರೆತ ಮನುಷ್ಯ, ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. "ಆ ಗೇಟು ನನ್ನ ಕೈಗೆ ಬಿಟ್ರೆ ಬೇರೆಯವರ ಕೈಗೆ ಬಗ್ಗಲ್ಲ ಮೇಡಂ. ಕಾಡಿನ ನೀರಲ್ಲಿ ದೋಣಿ ನಡೆಸೋಕೆ ನಮ್ಮ ಅಳಿಯಂದಿರಿದ್ದಾರೆ. ಮಾತು ಕಮ್ಮಿ, ಮುಖ ಯಾವಾಗಲೂ ಗಂಟು. ಆದರೆ ದಾರಿ ಗೊತ್ತು."

ಅಳಿಯ ಅಲ್ಲೇ ನಿಂತಿದ್ದ. ಮಾವನ ಮಾತಿಗೆ ಅವನ ಮುಖದ ಗಂಟು ಇನ್ನಷ್ಟು ಬಿಗಿಯಾಯಿತು. "ಏಳೂವರೆಯೊಳಗೆ ಹೊರಡಬೇಕು" ಎಂದಷ್ಟೇ ಹೇಳಿ ದೋಣಿಗೆ ಡೀಸೆಲ್ ತುಂಬಲು ಹೋದ.

ನಡುಹೊಳೆಯಲ್ಲಿ ದೋಣಿ ಏರುವಂತಿರಲಿಲ್ಲ. ಬುಡಸಮೇತ ಕಿತ್ತ ಮರಗಳು, ಯಾರದೋ ಮನೆಯ ತಗಡಿನ ಮಾಡು, ನೊರೆಯ ಗುಡ್ಡೆಗಳು ಅಲ್ಲಿ ಒಂದರ ಹಿಂದೊಂದು ಓಡುತ್ತಿದ್ದವು. ಅಳಿಯ ದೋಣಿಯನ್ನು ದಂಡೆಯ ಕಾಡಿನೊಳಕ್ಕೆ ತಿರುಗಿಸಿದ. ಅಲ್ಲಿ ಸೆಳೆತ ಕಡಿಮೆಯಿತ್ತು. ಮರಗಳೆಲ್ಲ ಸೊಂಟದವರೆಗೆ ಮುಳುಗಿ ನಿಂತಿದ್ದವು. ಕೊಂಬೆಕೊಂಬೆಗೂ ಇರುವೆಗಳು ಗೊಂಚಲಾಗಿ ಅಂಟಿಕೊಂಡಿದ್ದವು. ಒಂದು ಕವಲಿನಲ್ಲಿ ಹಾವೂ ಇಲಿಯೂ ಮೊಳದಂತರದಲ್ಲಿ ಕುಳಿತಿದ್ದವು. ಒಂದನ್ನೊಂದು ನೋಡುವ ಚೈತನ್ಯ ಎರಡಕ್ಕೂ ಉಳಿದಂತಿರಲಿಲ್ಲ. ಮಳೆ ನಿಂತಿದ್ದರೂ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಲೇ ಇತ್ತು. ಆ ಸದ್ದಿಗೆ ಇಂಜಿನಿಯರಮ್ಮನ ಕಣ್ಣು ಎಳೆಯುತ್ತಿತ್ತು. ಕೆನ್ನೆಗೆ ನೀರು ಎರಚಿಕೊಂಡು ಗಳುವಿನಿಂದ ಕೊಂಬೆಗಳನ್ನು ತಳ್ಳುತ್ತ ಕುಳಿತರು.

ಹತ್ತೂವರೆಯ ಹೊತ್ತಿಗೆ ಕಾಡಿನ ನಡುವೆ ಒಂದು ಹಳ್ಳ ಸೇರುವ ಜಾಗ ಬಂತು.

"ಗಟ್ಟಿ ಹಿಡ್ಕೊಳ್ಳಿ!" ಅಳಿಯ ಕೂಗಿದ.

ಅಡ್ಡದಿಂದ ನುಗ್ಗಿದ ನೀರು ದೋಣಿಯನ್ನು ಗಿರ್ರನೆ ತಿರುಗಿಸಿತು. ಮುಳುಗಿದ್ದ ದಿಮ್ಮಿಯೊಂದು ತಳಕ್ಕೆ ಗುದ್ದಿತು. ದೋಣಿ ವಾಲಿತು.

ಫಿಟ್ಟರು ಉರುಳಿದ. ಇಂಜಿನಿಯರಮ್ಮ ಅವನ ಬೆಲ್ಟಿಗೆ ಕೈ ಹಾಕಿ ಎಳೆದರು. ಅವನೇನೋ ಉಳಿದ. ಅವನ ಹತಾರದ ಚೀಲ ಮಾತ್ರ ಉಳಿಯಲಿಲ್ಲ. ಗುದ್ದಲಿ, ಹಾರೆ, ಊಟದ ಡಬ್ಬಿ, ಎಲ್ಲವೂ ನೀರುಪಾಲಾದವು. ಅವನ ಕೈಯಲ್ಲಿ ಒಂದು ದೊಡ್ಡ ಸ್ಪ್ಯಾನರ್ ಮಾತ್ರ ಉಳಿದಿತ್ತು.

"ಮೂವತ್ತು ವರ್ಷದ ಸಾಮಾನು" ಎಂದು ಫಿಟ್ಟರು ನೀರನ್ನೇ ನೋಡಿದ.

"ಮಾವ, ಕೂತ್ಕೊಳ್ಳಿ. ದೋಣಿ ಅಲ್ಲಾಡುತ್ತೆ."

"ಮಾವ ಉಳಿದ್ನಲ್ಲ ಅಂತ ಒಂದು ಮಾತು ಬರಲ್ಲ ನೋಡಿ ಬಾಯಲ್ಲಿ!"

ಅಳಿಯ ದೋಣಿಯ ಮೂತಿ ಸರಿಪಡಿಸಿದ.

ಒಡ್ಡು ತಲುಪಿದಾಗ ಹನ್ನೊಂದೂವರೆ. ಹೊಳೆಯ ನೀರು ಒಡ್ಡಿನ ನೆತ್ತಿಗಿಂತ ಬರೀ ಒಂದು ಮೊಳ ಕೆಳಗಿತ್ತು. ದೋಣಿಯನ್ನು ಗೇಟಿನಿಂದ ದೂರ, ಕೆಳಗಡೆಯ ಮರಕ್ಕೆ ಕಟ್ಟಿ ಮೂವರೂ ಮೇಲೆ ಹತ್ತಿದರು. ಫಿಟ್ಟರು ಗೇಟಿನ ಚಕ್ರಕ್ಕೆ ಕೈ ಹಚ್ಚಿದ. ತುಕ್ಕು ಕಿರುಗುಟ್ಟಿತು. ಮೂವರೂ ಭಾರ ಹಾಕಿದರು. ಗೇಟು ಒಂದು ಗೇಣು ಎದ್ದಿತು.

ಆಮೇಲೆ ಒಳಗೆಲ್ಲೋ ಟಣ್ ಎಂದಿತು. ಚಕ್ರ ಸರಾಗವಾಗಿ ತಿರುಗತೊಡಗಿತು. ಗೇಟು ಮಾತ್ರ ಏರಲಿಲ್ಲ.

ಫಿಟ್ಟರು ಚಕ್ರಕ್ಕೆ ಹಣೆ ಒತ್ತಿ ನಿಂತ. "ಗೇರಿನ ಹಲ್ಲು ಹೋಯ್ತು ಮೇಡಂ. ವರ್ಷ ವರ್ಷ ಬರೆದು ಕೊಟ್ಟೆ, ಬದಲಾಯಿಸಿ ಅಂತ."

"ನಾನೂ ಬರೆದಿದ್ದೆ" ಎಂದರು ಇಂಜಿನಿಯರಮ್ಮ. ಬೈಯುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಅವರು ಒಡ್ಡಿನ ಮೇಲೆ ನೂರು ಹೆಜ್ಜೆ ನಡೆದು ಎರಡು ಬಿಳಿ ಕಲ್ಲುಗಳ ನಡುವೆ ನಿಂತರು. "ಒಡ್ಡೆಲ್ಲ ಜೇಡಿಮಣ್ಣು, ಇಲ್ಲಿ ಮಾತ್ರ ಒಳಗೆ ಮರಳು. ಗೇಟು ಕೈ ಕೊಟ್ರೆ ಇಲ್ಲಿ ಕಡಿಯಲಿ ಅಂತಲೇ ಕಟ್ಟಿದ್ದು. ಎರಡು ಪಕ್ಕಕ್ಕೂ ಕಲ್ಲು ಹೂತಿದ್ದಾರೆ, ಬಿರುಕು ಅದರಾಚೆ ಹೋಗಲ್ಲ. ಆದರೆ ಗುದ್ದಲಿ ಎಲ್ಲಿಂದ ತರೋಣ?"

ಹಾಗೆನ್ನುತ್ತಲೇ ತಗ್ಗಿನ ಕಡೆ ತಿರುಗಿದರು. ಕೆಳಗೆ ಕಣ್ಣು ಹಾಯುವಷ್ಟು ದೂರ ಕುಂಬಳದ ಬಳ್ಳಿ ಹಬ್ಬಿತ್ತು. ಎಲೆಗಳ ನಡುವೆ ಹಣ್ಣಾಗುತ್ತಿದ್ದ ಕಾಯಿಗಳು ಕೆಂಪಗೆ ಕಾಣುತ್ತಿದ್ದವು. ಬದುವಿನ ಮೇಲೆ ಒಂದು ಶೆಡ್ಡು.

"ಇದು ಯಾರದ್ದು?"

"ನಂದೇ" ಎಂದ ಅಳಿಯ.

ಇಂಜಿನಿಯರಮ್ಮ ಅವನತ್ತ ನೋಡಿದರು. "ಗೊತ್ತಿದ್ದೂ ನಮ್ಮನ್ನ ಕರ್ಕೊಂಡು ಬಂದ್ರಾ?"

"ನೀರು ಬಿಟ್ರೆ ತಕರಾರು ಮಾಡಲ್ಲ ಅಂತ ಸಹಿ ಹಾಕಿಯೇ ಬೇಸಾಯ ಶುರು ಮಾಡಿದ್ದು ಮೇಡಂ. ನಿನ್ನೆ ಸಂಜೆ ಆಳುಗಳನ್ನೆಲ್ಲ ಊರಿಗೆ ಕಳಿಸಿದೆ. ಕೆಳಗೆ ಯಾರೂ ಇಲ್ಲ." ಅವನು ತೋಟದ ಕಡೆ ನೋಡಿದ. "ಹದಿನೈದು ದಿನ ಕಳೆದಿದ್ರೆ ಕೊಯ್ಲಾಗ್ತಿತ್ತು."

ಫಿಟ್ಟರು ಅಳಿಯನತ್ತ ತಿರುಗಿದ. ಅಳಿಯ ಎಲ್ಲೋ ತೋಟ ಮಾಡಿದ್ದಾನೆಂದು ಮಗಳು ಹೇಳಿದ್ದುಂಟು, ಎಲ್ಲಿ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. "ಅಳಿಯಂದ್ರೇ, ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ರಿ ಮಾವ? ನಿಮ್ಮ ಮಗಳು ಮಕ್ಕಳನ್ನ ಕಟ್ಕೊಂಡು ಗೋಡೆ ಕೆಳಗಿನ ಬೀದೀಲೇ ಕೂತಿದ್ದಾಳೆ. ಇರಿ, ಬಂದೆ."

ಅವನು ಒಡ್ಡಿನ ಇಳಿಜಾರಿನಲ್ಲಿ ಜಾರುತ್ತ ಇಳಿದ. ಬಳ್ಳಿಗಳನ್ನು ತುಳಿಯದಂತೆ ದಾಟಿ ಶೆಡ್ಡಿಗೆ ಹೋದ. ಇನ್ನೆರಡು ಗಂಟೆಯಲ್ಲಿ ಮುಳುಗುವ ಬಳ್ಳಿಗಳನ್ನು! ಹಿಂದಿರುಗಿದಾಗ ಅವನ ಹೆಗಲ ಮೇಲೆ ಮೂರು ಗುದ್ದಲಿಗಳಿದ್ದವು, ಒಂದು ಹಗ್ಗದ ಸುರುಳಿಯಿತ್ತು.

ಅಗೆತ ಶುರುವಾಯಿತು. ತಗ್ಗಿನ ಕಡೆಯಿಂದ ಹೊಳೆಯ ಕಡೆಗೆ, ಎರಡು ಮೊಳ ಆಳದ ಕಾಲುವೆ. ಕೊನೆಯ ಒಂದು ಗಜ ಮಣ್ಣನ್ನು ಹಾಗೇ ಬಿಡಬೇಕು. ಮೇಲಿನ ಜೇಡಿ ಗುದ್ದಲಿಗೆ ಅಂಟಿಕೊಂಡು ಕಾಡಿಸಿತು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಫಿಟ್ಟರು ಇಪ್ಪತ್ತು ಸಲ ಎತ್ತಿ ಹಾಕುವುದು, ನಿಂತು ಏದುಸಿರು ಬಿಡುವುದು. ಇಂಜಿನಿಯರಮ್ಮ ನಿಂತಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿ, ಮತ್ತೆ ತೆರೆದು ಅಗೆಯುತ್ತಿದ್ದರು. ಅಳಿಯ ಮಾತ್ರ ತಲೆ ಎತ್ತಲಿಲ್ಲ. ಬೆನ್ನನ್ನು ತೋಟದ ಕಡೆಗೇ ಮಾಡಿಕೊಂಡು, ಒಂದೇ ಸಮನೆ ಅಗೆದ. ಒಂದೂವರೆಗೆ ಮರಳು ಸಿಕ್ಕಿತು.

"ಸಾಕು. ಇಬ್ಬರೂ ಹಗ್ಗದ ತುದಿ ಹಿಡ್ಕೊಂಡು ಕಲ್ಲಿನಾಚೆ ಹೋಗಿ. ಕೊನೇದು ನಾನು ಒಡೀತೀನಿ" ಎಂದರು ಇಂಜಿನಿಯರಮ್ಮ.

"ಬೇಡ ಮೇಡಂ. ನನ್ನ ತೋಟ, ನನ್ನ ಗುದ್ದಲಿ" ಎಂದು ಅಳಿಯ ಸೊಂಟಕ್ಕೆ ಹಗ್ಗ ಬಿಗಿದ.

ಮೂರು ಏಟು ಹಾಕಿದ. ನಾಲ್ಕನೆಯ ಏಟಿಗೆ ಮಣ್ಣು ಕುಸಿಯಿತು.

ಮೊದಲು ಬಂದದ್ದು ಕಾಲು ತೊಳೆಯುವಷ್ಟು ನೀರು. ಆಮೇಲೆ ಮರಳು ಕರಗಿತು. ಕಾಲುವೆಯ ಗೋಡೆಗಳು ಧೊಪ್ಪೆಂದು ಬಿದ್ದವು.

"ಓಡಿ!" ಇಂಜಿನಿಯರಮ್ಮ ಕೂಗಿದರು.

ಅಳಿಯ ಓಡಿದ. ಅವನ ಹಿಂದೆಯೇ ನೆಲ ಕಳಚುತ್ತ ಬಂತು. ಬಿಳಿಕಲ್ಲಿಗೆ ಎರಡು ಹೆಜ್ಜೆ ಇರುವಾಗ ಅವನ ಕಾಲ ಕೆಳಗೆ ಏನೂ ಉಳಿಯಲಿಲ್ಲ.

ಹಗ್ಗ ಬಿಗಿಯಿತು. ಇನ್ನೊಂದು ತುದಿಯಲ್ಲಿ ಫಿಟ್ಟರು ಕಲ್ಲಿಗೆ ಪಾದ ಕೊಟ್ಟು ಹಿಂದಕ್ಕೆ ಬಾಗಿದ್ದ. ಪಾದ ಜಾರಿ, ಮಂಡಿ ತಿರುಚಿಕೊಂಡಿತು. ಅವನು ಕೂಗಿದ, ಆದರೆ ಹಗ್ಗ ಬಿಡಲಿಲ್ಲ. ಇಂಜಿನಿಯರಮ್ಮ ಅವನ ಹಿಂದೆ ನಿಂತು ಹಗ್ಗಕ್ಕೆ ಮೈಯ ಭಾರವನ್ನೆಲ್ಲ ಹಾಕಿದರು. ಒಂದು ಮೊಳ. ಇನ್ನೊಂದು ಮೊಳ. ಕೆಸರಿನ ಮುದ್ದೆಯಂತೆ ಅಳಿಯ ಅಂಚಿನ ಮೇಲೆ ಬಂದು ಬಿದ್ದ.

ಮೂವರೂ ಅಲ್ಲೇ ಮಲಗಿ ನೋಡಿದರು. ಹೊಳೆ ಒಡ್ಡಿನ ಬಾಯಿಂದ ಕಂದುಬಣ್ಣದ ಗೋಡೆಯಂತೆ ಇಳಿಯುತ್ತಿತ್ತು. ತಗ್ಗಿಗೆ ಬಿದ್ದ ಮೇಲೆ ಅದರ ರಭಸ ಕುಗ್ಗಿ, ಅಗಲಗಲವಾಗಿ ಹರಡುತ್ತ ಹೋಯಿತು. ಕುಂಬಳಕಾಯಿಗಳು ಬಳ್ಳಿ ಕಳಚಿಕೊಂಡು ಒಂದೊಂದಾಗಿ ತೇಲಿದವು. ಅಳಿಯ ಸ್ವಲ್ಪ ಹೊತ್ತು ನೋಡಿ ಮುಖ ಮುಚ್ಚಿಕೊಂಡ. ಫಿಟ್ಟರು ಕೈ ಚಾಚಿ ಅವನ ಬೆನ್ನ ಮೇಲೆ ಇಟ್ಟ. ತೆಗೆಯಲಿಲ್ಲ.

ಹಿಂದಿರುಗುವ ದಾರಿ ಇಳಿಮುಖವಾಗಿದ್ದರೂ ಸುಲಭವಾಗಲಿಲ್ಲ. ಫಿಟ್ಟರ ಮಂಡಿ ಊದಿ ಹೂಜಿಯಂತಾಗಿತ್ತು. ದೋಣಿಯವರೆಗೆ ಅಳಿಯ ಅವನನ್ನು ಬೆನ್ನ ಮೇಲೆ ಹೊತ್ತ.

"ಭಾರ ಆಯ್ತೇನು?"

"ನಿಮ್ಮ ಮಾತಿನಷ್ಟಲ್ಲ ಮಾವ."

ಫಿಟ್ಟರು ನೋವಿನ ನಡುವೆಯೇ ನಕ್ಕುಬಿಟ್ಟ. ಅರ್ಧ ದಾರಿಯಲ್ಲಿ ಡೀಸೆಲ್ ಮುಗಿಯಿತು. ಅಲ್ಲಿಂದ ಮುಂದೆ ಗಳುವೂ ಗುದ್ದಲಿಯ ಕಾವೂ ಹುಟ್ಟುಗಳಾದವು. ಐದೂಕಾಲಕ್ಕೆ ಇಂಜಿನಿಯರಮ್ಮನ ಸೊಂಟಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗಿನ ವಾಕಿಟಾಕಿ ಗೊರಗೊರ ಎಂದಿತು. ಕಚೇರಿಯ ಗುಮಾಸ್ತ.

"ಮೇಡಂ, ನಿಂತಿದೆ. ಗೋಡೆ ತುದಿಗೆ ನಾಲ್ಕು ಬೆರಳು ಇರೋವಾಗ ನಿಂತಿದೆ. ಇಪ್ಪತ್ತು ನಿಮಿಷದಿಂದ ಏರಿಲ್ಲ."

"ಇನ್ನೊಂದು ಗಂಟೆ ನೋಡಿ, ಆಮೇಲೆ ಹೇಳಿ" ಎಂದರು ಇಂಜಿನಿಯರಮ್ಮ. ಸಂತೋಷಪಡಲೂ ಅವರಿಗೆ ಸುಸ್ತಾಗಿತ್ತು.

ಕತ್ತಲಾಗುವ ಮುನ್ನ ಊರು ಮುಟ್ಟಿದರು. ನೀರು ಒಂದು ಬೆರಳು ಇಳಿದಿತ್ತು. ಗೋಡೆಯ ಮೆಟ್ಟಿಲ ಮೇಲೆ ಫಿಟ್ಟರ ಮಗಳು ಕಾಯುತ್ತಿದ್ದಳು. ಅಪ್ಪನನ್ನು ಹೊತ್ತು ದೋಣಿಯಿಂದ ಇಳಿಯುತ್ತಿದ್ದ ಗಂಡನನ್ನು ಕಂಡಳು. ಅವನ ಮುಖ ನೋಡಿದ ಮೇಲೆ ತೋಟ ಹೋಯಿತೇ ಎಂದು ಕೇಳಬೇಕಾಗಲಿಲ್ಲ.

"ಪೂರ್ತಿ?" ಎಂದಳು.

"ಪೂರ್ತಿ."

ಅವಳು ಒಂದು ಕ್ಷಣ ತುಟಿ ಕಚ್ಚಿಕೊಂಡಳು. ಆಮೇಲೆ ಅಪ್ಪನ ಒಂದು ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಮನೇಲಿ ಬಿಸಿನೀರು ಕಾಯಿಸಿದ್ದೀನಿ. ನಡೀರಿ. ಮೇಡಂ, ನೀವೂ ಬನ್ನಿ."

ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದ ಇಂಜಿನಿಯರಮ್ಮ ತಲೆಯಾಡಿಸಿದರೇ ಹೊರತು ಏಳಲಿಲ್ಲ. ಗೋಡೆಗೆ ಒರಗಿ, ಕೆಸರಿನ ಬೂಟಿನಲ್ಲೇ, ಕುಳಿತಲ್ಲೇ ನಿದ್ದೆ ಹೋಗಿದ್ದರು. ಗುಮಾಸ್ತ ಎಬ್ಬಿಸಲು ಬಂದವನು ಮನಸ್ಸು ಬದಲಿಸಿ ಒಂದು ಕಂಬಳಿ ತಂದು ಹೊದಿಸಿದ. ಗೋಡೆಯಾಚೆ ಹೊಳೆ ಗೊಣಗುತ್ತ ಹೋಗುತ್ತಿತ್ತು. ಈಚೆ, ಕೆಳಗಿನ ಬೀದಿಯಲ್ಲಿ, ಒಂದು ಮನೆಯ ಹೊಸ್ತಿಲೂ ಒದ್ದೆಯಾಗಿರಲಿಲ್ಲ.